ಎರಡು ಕಡೆಯ ವೀಳ್ಯ

ಕಂಪನಿ ಎಂದರೆ ಏನೆಂದು ನಮ್ಮ ಗಂಡಸರು ತಿಳಿದುಕೊಂಡಿದ್ದರೋ, ನನಗೆ ಇವತ್ತಿಗೂ ಅರ್ಥವಾಗಿಲ್ಲ. ಐವತ್ತರ ದಶಕದಲ್ಲಿ ನಮ್ಮ ಕಡೆ ಒಂದು ಮೋಟಾರ್ ಕಂಪನಿ ಇತ್ತು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಕೋಟೆ, ಈ ನಾಲ್ಕು ತಾಲ್ಲೂಕಿನ ರೈತರೂ ವ್ಯಾಪಾರಿಗಳೂ ಷೇರು ಹಾಕಿ ಕಟ್ಟಿದ್ದು. ಬಸ್ಸು ಇದ್ದದ್ದು ನಾಲ್ಕೇ. ಅದರಲ್ಲಿ ಎಲ್ಲಕ್ಕಿಂತ ಹಳೆಯದು ಹುಣಸೂರಿನಿಂದ ಕೋಟೆಯ ದಾರಿಯಾಗಿ ನನ್ನ ಗಂಡನ ಊರಾದ ಅಂತರಸಂತೆಗೆ ಬರುತ್ತಿತ್ತು.

ಆ ಬಸ್ಸು ನಮ್ಮೂರಿಗೆ ಬರುವಂತೆ ಮಾಡಿದವನು ನಮ್ಮಪ್ಪ. ಹುಣಸೂರಿನವನು. ಮಗಳನ್ನು ಕಾಡಿನಂಚಿಗೆ ಕೊಡುವುದೆಂದು ನಿಶ್ಚಯವಾದ ಮೇಲೆ ಊರೂರು ನಡೆದು ಷೇರು ಕೂಡಿಸಿದ್ದ. ಮದುವೆಯಲ್ಲಿ ಅರಿಶಿನ ಕುಂಕುಮದ ಜೊತೆಗೆ ಒಂದು ಷೇರನ್ನು ನನ್ನ ಹೆಸರಿಗೇ ಬರೆಸಿಕೊಟ್ಟ. 'ಸೊಸೆ ಕಾಗ್ದ ತಂದವ್ಳೆ' ಎಂದು ನಮ್ಮತ್ತೆ ಬೀದಿಗೆಲ್ಲ ಹೇಳಿ ನಕ್ಕರು. ನಾನು ಅದನ್ನು ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಟ್ಟು ಮರೆತೆ. ನನಗೆ ಬೇಕಾಗಿದ್ದದ್ದು ಕಾಗದವಲ್ಲ, ಬಸ್ಸು. ಅವ್ವನಿಗೆ ಮಂಡಿನೋವು. ಗಾಡಿಯ ಕುಲುಕಾಟ ತಡೆಯುತ್ತಿರಲಿಲ್ಲ. ಬಸ್ಸಿನಲ್ಲಾದರೆ ಬೆಳಿಗ್ಗೆ ಬಂದು, ಮಗಳ ಮುಖ ನೋಡಿ, ಸಂಜೆಗೆ ಹೊರಟುಹೋಗುತ್ತಿದ್ದಳು. ಬರಲಾಗದ ವಾರ ಕಂಡಕ್ಟರ ಕೈಯಲ್ಲಿ ಹುರುಳಿಕಾಳಿನ ಬಸ್ಸಾರು ಕಳಿಸುತ್ತಿದ್ದಳು.

ಹೀಗಿರುವಾಗ ಮೈಸೂರಿನ ದೊಡ್ಡ ಮೋಟಾರ್ ಕಂಪನಿಯವರ ಕಣ್ಣು ನಮ್ಮದರ ಮೇಲೆ ಬಿತ್ತು. ಅವರಿಗೆ ಬೇಕಾಗಿದ್ದದ್ದು ಕೃಷ್ಣರಾಜನಗರದ ರೈಲ್ವೆ ಸ್ಟೇಷನ್ನಿನ ದಾರಿ. ಕೋಟೆಯಿಂದಾಚೆಯ ಗುಂಡಿಗಳಿಗೆ ಅವರು ಬಸ್ಸು ಬಿಡುವವರಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಕಂಪನಿಯನ್ನು ಅವರಿಗೆ ಕೊಡೋಣ ಎನ್ನುವವರು, ಬೇಡ ಎನ್ನುವವರು ಎಂದು ಷೇರುದಾರರಲ್ಲಿ ಎರಡು ಪಂಗಡವಾಯಿತು. 'ಅವ್ರ್ ಬಸ್ಸು ಒಸಾವು ಕಣ್ರೀ, ನಮ್ಮವು ತಳ್ಳುದ್ರೆ ತಾನೆ ಓಗಾದು' ಎಂದು ಕೆಲವರು. 'ತಳ್ಳಾರು ನಾವು, ನಿಮ್ಗೇನ್ ಕಷ್ಟ' ಎಂದು ಕೆಲವರು. ಸಂತೆಯಲ್ಲಿ, ಮಿಲ್ಲಿನ ಮುಂದೆ, ಸಾವಿನ ಮನೆಯಲ್ಲೂ ಇದೇ ಮಾತು.

ಮಾತಾಡಿಕೊಂಡಿದ್ದರೆ ಸಾಕಾಗಿತ್ತು. ಎರಡು ಕಡೆಯವರೂ ವೀಳ್ಯದ ತಟ್ಟೆ ಹಿಡಿದು ಮನೆಮನೆಗೆ ಹೊರಟರು. ನಮ್ಮ ಕಡೆ ಎಲೆ ಅಡಿಕೆ ತೆಗೆದುಕೊಂಡರೆ ಮಾತು ಕೊಟ್ಟ ಹಾಗೆ. ಮನೆ ಬಾಗಿಲಿಗೆ ಬಂದ ವೀಳ್ಯವನ್ನು ಬೇಡ ಅನ್ನುವುದಂತೂ ಬಂದವರ ಮುಖಕ್ಕೆ ಹೊಡೆದ ಹಾಗೆ. ಅದಕ್ಕೇ ಮರ್ಯಾದಸ್ತರಾದ ನಮ್ಮ ಷೇರುದಾರರು ಬೆಳಿಗ್ಗೆ ಕೊಡಬಾರದೆನ್ನುವ ಹಳಬರ ವೀಳ್ಯ ತೆಗೆದುಕೊಂಡು ಅವರ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರು. ಮಧ್ಯಾಹ್ನ ಮೈಸೂರಿನವರ ವೀಳ್ಯ ತೆಗೆದುಕೊಂಡು ಅವರ ಕಾಗದಕ್ಕೂ ಒತ್ತಿದರು. ಕಾಗದದಲ್ಲಿ ಬರೆದಿದ್ದು ಒಂದೇ: ನನ್ನ ಓಟನ್ನು ಇವರು ಹಾಕಬಹುದು. ಇದ್ದ ಒಂದು ಓಟನ್ನು ಇಬ್ಬರಿಗೆ ಕೊಟ್ಟು ಯಾರ ಮನಸ್ಸನ್ನೂ ನೋಯಿಸಲಿಲ್ಲ ಎಂದು ನೆಮ್ಮದಿಯಾಗಿ ಮಲಗಿದರು.

ನಮ್ಮಪ್ಪನಾದರೂ ಗಟ್ಟಿಯಾಗಿರಬಾರದೆ? ಅವನ ಮುಂದೆ ಮೈಸೂರಿನವರ ತಟ್ಟೆ ಹಿಡಿದು ನಿಂತವರು ನನ್ನ ಮಾವ. ಬಿದಿರು ಸಾಗಿಸುವ ಲಾರಿ ಕೆಲಸ ಕೊಡಿಸುತ್ತೇವೆಂದು ಅವರಿಗೆ ಆಸೆ ತೋರಿಸಿದ್ದರು. ಅಪ್ಪ ತೆಗೆದುಕೊಂಡುಬಿಟ್ಟ. ಕೇಳಿದ್ದಕ್ಕೆ, 'ಬೀಗ್ರು ತಟ್ಟೆ ಇಡ್ಕಂಡ್ ನಿಂತಾಗ ಬ್ಯಾಡ ಅನ್ನಕಾದದಾ ಮಗಾ? ನೀನ್ ಬಾಳಾದು ಆ ಮನೇಲಿ' ಎಂದ. ನನ್ನ ಬಾಳಿಗೆ ಹೆದರಿ ನನ್ನ ಬಸ್ಸನ್ನೇ ಬಿಟ್ಟುಕೊಟ್ಟಿದ್ದ. ನನಗೆ ಬಂದ ಸಿಟ್ಟಿಗೆ ಆ ದಿನ ಮುದ್ದೆ ಕೋಲು ಮುರಿಯಿತು.

ಕೃಷ್ಣರಾಜನಗರದ ಮಿಲ್ಲಿನ ಅಂಗಳದಲ್ಲಿ ಸಭೆ ನಡೆದಾಗ ಎರಡು ಕಡೆಯವರೂ ಕಾಗದದ ಕಟ್ಟು ಬಿಚ್ಚಿ ನಾವು ಗೆದ್ದೆವು ಎಂದರು. ವಿಷಯ ಮೈಸೂರಿನ ಕೋರ್ಟಿಗೆ ಹೋಯಿತು. ಕಂಪನಿ ಯಾರದು ಎಂದು ತೀರ್ಮಾನವಾಗದೆ ಯಾರೂ ಸಹಿ ಹಾಕುವಂತಿಲ್ಲ ಎಂದು ತಡೆಯಾಜ್ಞೆ ಬಂತು. ಸಹಿ ಇಲ್ಲದೆ ಬಸ್ಸಿನ ಪರ್ಮಿಟ್ಟು ಹೊಸದಾಗಲಿಲ್ಲ. ನಾಲ್ಕೂ ಬಸ್ಸು ಹುಣಸೂರಿನ ಶೆಡ್ಡಿನಲ್ಲಿ ನಿಂತವು. ನಮ್ಮ ಹಳೇ ಬಸ್ಸಿನ ಸೀಟಿನಲ್ಲಿ ಕೋಳಿ ಮೊಟ್ಟೆ ಇಡುತ್ತಿದೆ ಎಂದು ಯಾರೋ ನಗುತ್ತ ಹೇಳಿದರು. ವರ್ಷದ ಮೇಲಾಯಿತು. ಅವ್ವನ ಮುಖ ನಾನು ನೋಡಲಿಲ್ಲ.

ಕೊನೆಗೆ ಕೋರ್ಟು ಆ ಕಾಗದಗಳನ್ನೆಲ್ಲ ತಳ್ಳಿಹಾಕಿ, ಹೊಸದಾಗಿ ಸಭೆ ಸೇರಿ ಕೈ ಎತ್ತಿ ಎಂದಿತು. ಸೇರಿದರು. ಎರಡು ಕಡೆಯ ಮುಖಂಡರು ಕೈ ಎತ್ತಿದರು. ಎಣಿಸಿದರೆ ಸರಿಸಮ. ಮಿಕ್ಕವರು, ಇಬ್ಬರಿಗೂ ಮಾತು ಕೊಟ್ಟವರು, ತಲೆ ತಗ್ಗಿಸಿ ಕೈಯನ್ನು ತೊಡೆಯ ಕೆಳಗಿಟ್ಟು ಕುಳಿತರು. ಅಪ್ಪನೂ ಹಾಗೇ ಕುಳಿತಿದ್ದನಂತೆ. ಆಗ ಮೈಸೂರಿನ ಕಂಪನಿಯ ವಕೀಲರು ಷೇರುದಾರರ ಪುಸ್ತಕ ತಿರುವಿ ಕೇಳಿದರಂತೆ, 'ಅಂತರಸಂತೆಯಲ್ಲಿ ಒಬ್ಬ ಹೆಂಗಸು ಇದ್ದಾರಲ್ಲ, ಅವರಿಗೆ ವೀಳ್ಯ ಕೊಟ್ಟವರು ಯಾರು?'

ಯಾರೂ ಕೊಟ್ಟಿರಲಿಲ್ಲ. ಯಾರಿಗೂ ನೆನಪೇ ಇರಲಿಲ್ಲ. ಸಭೆಯನ್ನು ಒಂದು ವಾರ ಮುಂದೆ ಹಾಕಿದರು.

ಆ ವಾರ ನಮ್ಮ ಜಗಲಿಯ ಮೇಲೆ ಎರಡು ತಟ್ಟೆ ಬಂದವು. ಒಂದು ಮಾವನದು, ಪಕ್ಕದಲ್ಲಿ ಕಾರಿನಲ್ಲಿ ಬಂದ ವಕೀಲರು. ಇನ್ನೊಂದು, ಹಳಬರ ಪರವಾಗಿ, ಅಪ್ಪನದು. ಗಾಡಿ ಕಟ್ಟಿಕೊಂಡು, ಕೋಟೆಯಲ್ಲಿ ತಂಗಿ ಬಂದಿದ್ದ. ವಿಭೂತಿ ಬೆವರಿಗೆ ಅಳಿಸಿತ್ತು. ಆ ಮನೆಯಲ್ಲಿ ಸೊಸೆಯ ಮುಂದೆ ಗಂಡಸರು ತಟ್ಟೆ ಹಿಡಿದದ್ದು ಅದೇ ಮೊದಲು.

'ತಗೊಳವ್ವ' ಎಂದರು ಮಾವ.

'ನಿನ್ ಅಪ್ಪ ಕಣವ್ವ ನಾನು' ಎಂದ ಅಪ್ಪ.

ನಾನು ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡೆ. 'ಯಾರ್ದೂ ತಗೊಳಾಕಿಲ್ಲ. ದಿನಾ ಅಂತರಸಂತೆಗಂಟ ಬಸ್ಸು ಬತ್ತದೆ ಅಂತ ಕಾಗ್ದದಲ್ಲಿ ಬರ್ದು ಸಹಿ ಆಕಿ. ಯಾರ್ ಆಕ್ತೀರೋ ಅವ್ರ್ಗೆ ನನ್ ಓಟು.'

ಅಪ್ಪ, 'ಅಧ್ಯಕ್ಷರ್ನ ಒಂದ್ ಮಾತು ಕೇಳ್ಬೇಕು ಮಗಾ' ಎಂದ. ವಕೀಲರು ಯಾರನ್ನೂ ಕೇಳಲಿಲ್ಲ. ಜೇಬಿನಿಂದ ಪೆನ್ನು ತೆಗೆದು ಅಲ್ಲೇ ಬರೆದರು. ಅಷ್ಟೇ ಹೊತ್ತು ಬೇಕಾಗಿದ್ದದ್ದು. ಅದನ್ನು ಮೊದಲೇ ಯಾರಾದರೂ ಕೇಳಬಹುದಿತ್ತಲ್ಲ ಎಂದು ನನಗೆ ಮೈಯೆಲ್ಲ ಉರಿದುಹೋಯಿತು.

ನನ್ನ ಒಂದು ಓಟಿನಿಂದ ಅಪ್ಪ ಕಟ್ಟಿದ ಕಂಪನಿ ಮೈಸೂರಿನವರದಾಯಿತು. ಆ ದಿನ ಅವನು ಊಟಕ್ಕೂ ನಿಲ್ಲಲಿಲ್ಲ. ತಟ್ಟೆಯನ್ನು ಜಗಲಿಯ ಮೇಲೇ ಬಿಟ್ಟು ಗಾಡಿ ಹತ್ತಿದ.

ತಿಂಗಳಾದ ಮೇಲೆ ಬಸ್ಸು ಬಂತು. ಬಣ್ಣ ಬೇರೆ, ಕಂಡಕ್ಟರು ಅವನೇ. ಅವ್ವ ಅವನ ಕೈ ಹಿಡಿದುಕೊಂಡು ಇಳಿದಳು. ವರ್ಷದ ಮೇಲೆ ಕಾದ ನನಗೆ ಅವಳು ಹೇಳಿದ ಮೊದಲ ಮಾತು ಯಾವುದು? 'ಅಪ್ಪನ ವೀಳ್ಯ ಯಾಕವ್ವ ಮುಟ್ಟಲಿಲ್ಲ?'

ನಾನು ಜಗಳಕ್ಕೇ ನಿಂತೆ. ನಿನಗೋಸ್ಕರ ಅಲ್ಲವಾ ಮಾಡಿದ್ದು, ನೀನು ಬರಲಿ ಅಂತ ಅಲ್ಲವಾ ಎಂದೆಲ್ಲ ಕೂಗಾಡಿದೆ. ಅವಳು ಮಂಡಿ ನೀವಿಕೊಳ್ಳುತ್ತ ಪೂರ್ತಿ ಕೇಳಿಸಿಕೊಂಡಳು.

'ಬಂದ್ನಲ್ಲ, ಬುಡು' ಎಂದಳು. ಆಮೇಲೆ, 'ಅವತ್ತಿಂದ ನಿಮ್ಮಪ್ಪ ಬಾಯಿಗೆ ಎಲೆ ಆಕಿಲ್ಲ ಕಣೆ.'

ನನಗೆ ಬುದ್ಧಿ ಬಂದಾಗಿನಿಂದ ಅಪ್ಪನ ತುಟಿ ಕೆಂಪಗಿಲ್ಲದ್ದನ್ನು ನೋಡಿರಲಿಲ್ಲ. ಎಷ್ಟು ಹಟ ಈ ಮನುಷ್ಯನಿಗೆ. ತಪ್ಪು ಅವನದು, ಬಸ್ಸು ತರಿಸಿದ್ದು ನಾನು, ಕೊನೆಗೆ ಅಳಬೇಕಾದವಳೂ ನಾನೇ. ಅತ್ತುಬಿಟ್ಟೆ.

ಸಂಜೆ ಬಸ್ಸು ಹೊರಡುವ ಮುಂಚೆ ಹಿತ್ತಲಿಗೆ ಹೋಗಿ ಬಳ್ಳಿಯಿಂದ ಎಳೆಯ ಎಲೆ ಕಿತ್ತು ತಂದೆ. ಅಪ್ಪ ಬಿಟ್ಟುಹೋದ ತಟ್ಟೆಯ ಮೇಲೇ ಇಟ್ಟು, ಅಡಿಕೆ ಸೇರಿಸಿ, ಬಾಳೆ ಎಲೆಯಲ್ಲಿ ಸುತ್ತಿ ತಟ್ಟೆ ಸಮೇತ ಕಂಡಕ್ಟರಿಗೆ ಕೊಟ್ಟೆ. ಅವ್ವ ತಾನು ಒಯ್ಯುತ್ತೇನೆಂದಳು, ನಾನು ಕೊಡಲಿಲ್ಲ. ಅದು ಬಸ್ಸಿನ ಕೈಯಲ್ಲೇ ಹೋಗಬೇಕಾಗಿತ್ತು.

'ಯಾರ್ಗೆ ಕೊಡ್ಲಿ?' ಎಂದ ಕಂಡಕ್ಟರು.

'ಕಂಪ್ನಿ ಕಟ್ದೋರಿಗೆ' ಎಂದೆ.

ಮಾರನೆಯ ದಿನದ ಬಸ್ಸಿಗೆ ತಟ್ಟೆ ಖಾಲಿಯಾಗಿ ವಾಪಸು ಬಂತು.