ಎರಡನೇ ಸಲ ಬಡಿಸುವ ಕೈ

ಮಾರ್ಕೆಟ್ಟಿನ ಬೀದಿಯಿಂದ ತಂದು ಎರಡು ತಿಂಗಳಾದರೂ ನಮ್ಮ ನಾಯಿಮರಿಗೆ ನನ್ನ ಕೈ ಮೇಲೆ ನಂಬಿಕೆ ಬಂದಿಲ್ಲ. ಅನ್ನ ಹಾಕುವವಳೂ ನಾನೇ, ಗುರ್ ಅನ್ನಿಸಿಕೊಳ್ಳುವವಳೂ ನಾನೇ. ಮೊನ್ನೆ ಮೊಸರನ್ನ ತಿನ್ನುತ್ತಿದ್ದಾಗ "ಇನ್ನೊಂಚೂರು ಹಾಕ್ತೀನಿ, ತಿನ್ನಪ್ಪ" ಎಂದು ಸೌಟು ಚಾಚಿದೆ. ಮಣಿಕಟ್ಟಿಗೇ ಬಾಯಿ ಹಾಕಿತು. ಪುಣ್ಯಕ್ಕೆ ಹಲ್ಲು ಬಳೆಗೆ ತಗುಲಿತು.

"ಇನ್ನೊಂದ್ಸಲ ಹಿಂಗಾಡ್ಲಿ, ತಂದ ಜಾಗಕ್ಕೇ ಬಿಟ್ಟು ಬಂದ್ಬುಡ್ತೀನಿ ಕಣೇ," ಎಂದರು ನಮ್ಮ ಯಜಮಾನರು.

ಕುವೆಂಪುನಗರದ ಪಶುವೈದ್ಯರಿಗೆ ತೋರಿಸಿದೆ. "ತಾಯಿ ಹಾಲು ಬಿಡೋ ಮೊದ್ಲೇ ಬೀದಿಗೆ ಬಿದ್ದಿದೆ. ದೊಡ್ಡ ನಾಯಿಗಳು ಬಾಯಿಂದ ಕಿತ್ಕೊಂಡಿರ್ತವೆ. ತಟ್ಟೆ ಹತ್ರ ಏನ್ ಬಂದ್ರೂ ಕಿತ್ಕೊಳ್ಳೋಕೇ ಅಂದ್ಕೊಳುತ್ತೆ ಕಣಮ್ಮ. ತಿನ್ನೋವಾಗ ಹತ್ರ ಹೋಗ್ಬೇಡಿ," ಎಂದರು.

ಎರಡನೇ ಸಲ ಬಡಿಸದೆ ಊಟ ಹಾಕುವುದು ನನಗೆಲ್ಲಿ ಗೊತ್ತು? ಎಲ್ಲವನ್ನೂ ಒಮ್ಮೆಗೇ ಹಾಕಿದೆ. ಗಬಗಬನೆ ನುಂಗಿ ದೇವರ ಮನೆಯ ಹೊಸ್ತಿಲ ಮೇಲೆ ಕಕ್ಕಿತು. ಅದನ್ನು ಬಳಿದು, ಮತ್ತೆ ಸ್ನಾನ ಮಾಡಿ ರಂಗೋಲಿ ಇಡುವಾಗ ಸಿಟ್ಟಿಗೆ ಅಳುವೇ ಬಂತು.

ಇವತ್ತು ಮರಿಯನ್ನು ಒಳಗೆ ಬಿಡುವ ಮುಂಚೆಯೇ ಮೂರು ಮೂಲೆಯಲ್ಲಿ ಮೂರು ತಟ್ಟೆಗೆ ಸ್ವಲ್ಪ ಸ್ವಲ್ಪ ಹಾಕಿಟ್ಟು ದೂರ ನಿಂತೆ. ಒಂದಕ್ಕೆ ಬಾಯಿ ಹಾಕುತ್ತಾ ಇನ್ನೊಂದನ್ನು ನೋಡಿ ಗುರುಗುಟ್ಟಿತು.

"ತಟ್ಟೆ ಜೊತೇಲೂ ಜಗಳಾನೇನೋ ನಿಂಗೆ!"

ಬಡಿಸಲು ಕೈ ತುರಿಸುತ್ತಿತ್ತು, ಸೆರಗಿನಲ್ಲಿ ಸುತ್ತಿಕೊಂಡೆ. ಮೂರೂ ಖಾಲಿಯಾದವು. ಕಕ್ಕಲಿಲ್ಲ, ಕಚ್ಚಲಿಲ್ಲ. ಇವತ್ತಿನ ಮಟ್ಟಿಗೆ ಮರಿ ಮನೆಯಲ್ಲಿ ಉಳಿಯಿತು, ತಂದೆ ನಂಜುಂಡ.