ಅರ್ಧ ತುಂಬಿದ ಬಟ್ಟಲಿಗೆ ಸುರಿಯಬಾರದು

ಮೇಜಿನ ಮೇಲೆ ತಂದಿಟ್ಟ ಕೆಟಲ್ ನೆಗ್ಗಿತ್ತು. ಒಂದು ಕಡೆ ಅಲ್ಲ, ಸುತ್ತಲೂ. ಕುಡಿಯಲು ಕೊಟ್ಟ ಹಳದಿ ಬಣ್ಣದ ಅಗಲ ಬಟ್ಟಲುಗಳೂ ಹಾಗೇ ಇದ್ದವು. ಅಂಚು ಸೊಟ್ಟ, ತಳದಲ್ಲೆಲ್ಲ ಗೀರು. ಗದಗಿನ ನಮ್ಮ ಮನೆಯಲ್ಲಾಗಿದ್ದರೆ ಅವ್ವ ಇವನ್ನೆಲ್ಲ ಪಾತ್ರೆ ಮಾರುವವಳಿಗೆ ಕೊಟ್ಟು ಹೊಸದು ತೆಗೆದುಕೊಳ್ಳುತ್ತಿದ್ದಳು. ಸಿಡ್ನಿಯ ಸ್ಟ್ರಾತ್‌ಫೀಲ್ಡ್‌ನಲ್ಲಿರುವ ಈ ಚಿಕ್ಕ ಕೊರಿಯನ್ ಅಂಗಡಿಯಲ್ಲಿ ಅಂಥವನ್ನೇ ಗೋಡೆಯ ತುಂಬ ನೇತುಹಾಕಿದ್ದರು.

"ಇವರಿಗೆ ಹೊಸದು ಸಿಗಲ್ವಾ?" ಎಂದು ಕೇಳಿದೆ.

"ಸಿಗುತ್ತೆ. ಹೊಸದರಲ್ಲಿ ಕೊಟ್ರೆ ಗಿರಾಕಿಗಳು ಪಕ್ಕದ ಅಂಗಡಿಗೆ ಹೋಗ್ತಾರೆ," ಎಂದಳು ಸುನ್‌ಹಿ. ನನ್ನ ಮುಖ ನೋಡಿ ಹೇಳಲಿಲ್ಲ, ಮೆನು ನೋಡುತ್ತ ಹೇಳಿದಳು.

ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ ನಡೆದದ್ದು. ಒಂದು ಪದ ಮಾತ್ರ ಕನ್ನಡದ್ದು: ಅಕ್ಕ. ಮೆಲ್ಬರ್ನ್‌ನ ಕ್ಲೇಟನ್‌ಗೆ ನಾನು ಓದಲು ಬಂದಾಗ ಅವಳು ರೆಂಟ್‌ಗೆ ಹಿಡಿದಿದ್ದ ಮನೆಯಲ್ಲಿ ಒಂದು ಕೋಣೆ ನನಗೆ ಸಿಕ್ಕಿತ್ತು. ಯಾವ ಬಸ್ಸು ಎಲ್ಲಿಗೆ ಹೋಗುತ್ತದೆ, ಕಸದ ಯಾವ ಡಬ್ಬಿ ಯಾವ ದಿನ ಹೊರಗಿಡಬೇಕು, ಎಲ್ಲವನ್ನೂ ಕಲಿಸಿದವಳು ಅವಳು. ವಯಸ್ಸಿನಲ್ಲಿ ದೊಡ್ಡವರನ್ನು ತಮ್ಮ ಕೊರಿಯಾದಲ್ಲಿ ಬರೀ ಹೆಸರಿನಿಂದ ಕರೆಯುವುದಿಲ್ಲ ಎಂದಿದ್ದಳು. ನಮ್ಮಲ್ಲೂ ಇಲ್ಲ ಎಂದೆ. ಅಂದಿನಿಂದ ಅಕ್ಕ.

ಆ ಅಕ್ಕನ ಜೊತೆ ನಾಲ್ಕು ವರ್ಷ ಮಾತಿರಲಿಲ್ಲ. ನಾನು ಕೆಲಸ ಸಿಕ್ಕಿ ಸಿಡ್ನಿಗೆ ಬಂದ ಮೇಲೆ ಕಳಿಸಿದ ಮೆಸೇಜುಗಳಿಗೆ ಅವಳು ಉತ್ತರಿಸಲಿಲ್ಲ. ಕಳೆದ ವಾರ ಇದ್ದಕ್ಕಿದ್ದಂತೆ ಬರೆದಳು: ಟ್ರೈನಿಂಗ್‌ಗೆ ಎರಡು ದಿನ ಸಿಡ್ನಿಗೆ ಬರುತ್ತಿದ್ದೇನೆ, ಶನಿವಾರ ಮಕ್ಕೊಲ್ಲಿ ಕುಡಿಯೋಣ. ನಾರ್ವೆಸ್ಟ್‌ನ ನನ್ನ ಆಫೀಸಿನಲ್ಲಿ ಕೂತು ಆ ಸಾಲನ್ನು ಎಷ್ಟು ಸಲ ಓದಿದೆನೋ. ರಾಜಿಗೆ ಕರೆಯುತ್ತಿದ್ದಾಳೋ, ಲೆಕ್ಕ ಚುಕ್ತಾ ಮಾಡಿಕೊಳ್ಳಲು ಕರೆಯುತ್ತಿದ್ದಾಳೋ ಗೊತ್ತಾಗಲಿಲ್ಲ.

ಮಕ್ಕೊಲ್ಲಿ ಎಂದರೆ ಅಕ್ಕಿಯನ್ನು ಹುಳಿ ಬರಿಸಿ ಮಾಡಿದ ಬಿಳಿಯ ಮದ್ಯ. ನೋಡಲು ಅಕ್ಕಿ ತೊಳೆದ ನೀರು. ಮೂಗಿನ ಹತ್ತಿರ ತಂದರೆ ಬೆಳಗಿನ ದೋಸೆ ಹಿಟ್ಟಿನ ವಾಸನೆ. ನಾಲಿಗೆಗೆ ನಮ್ಮ ಜೋಳದ ಅಂಬಲಿಯ ಹುಳಿ, ಅದರ ಹಿಂದೆ ಸಣ್ಣ ಸಿಹಿ, ಕೊನೆಗೆ ಗಂಟಲಲ್ಲಿ ಚುರುಕು. ಗಸಿ ತಳಕ್ಕೆ ಇಳಿಯುತ್ತದೆಂದು ಮೊದಲು ಕಲಕಬೇಕು. ನಾನು ಅಂಚಿಗೆ ತುಟಿ ತಾಗಿಸಿ ತಾಗಿಸಿ ಹೀರುವುದನ್ನು ಅಂಗಡಿಯ ಒಡತಿ ಒಲೆಯ ಹತ್ತಿರದಿಂದಲೇ ನೋಡಿದಳು. ಅವಳನ್ನು ಎಲ್ಲರೂ ಇಮೋ ಎಂದು ಕರೆಯುತ್ತಿದ್ದರು. ಇಮೋ ಎಂದರೆ ಅಮ್ಮನ ತಂಗಿ, ನಮ್ಮ ಚಿಕ್ಕಮ್ಮ. ನಮ್ಮ ದೇಶದವರೇ ಹೆಚ್ಚಿರುವ ಹ್ಯಾರಿಸ್ ಪಾರ್ಕ್‌ನ ಅಂಗಡಿಗಳಲ್ಲಿ ನಾವು ಆಂಟಿ ಎಂದು ಕೆಲಸ ಸಾಗಿಸುತ್ತೇವೆ. ಇವರು ಅಷ್ಟು ದೂರ ಬಂದರೂ ಚಿಕ್ಕಮ್ಮನನ್ನು ಬಿಟ್ಟಿರಲಿಲ್ಲ.

"ಏನವಳು, ಕಷಾಯ ಕುಡಿಯೋ ಹಾಗೆ ಕುಡೀತಾಳೆ?" ಎಂದಳಂತೆ ಇಮೋ. ಸುನ್‌ಹಿ ಅದನ್ನು ನನಗೆ ಹೇಳಿ ಮೊದಲ ಸಲ ನಕ್ಕಳು.

ಈರುಳ್ಳಿ ಸೊಪ್ಪನ್ನು ಉದ್ದುದ್ದಕ್ಕೆ ಜೋಡಿಸಿ ಹಿಟ್ಟು ಹೊಯ್ದು ಬೇಯಿಸಿದ ದಪ್ಪ ದೋಸೆ ಬಂತು. ಅದರ ಹೆಸರು ಪಾಜೊನ್. ಆರ್ಡರ್ ಮಾಡುವಾಗ ನಾನು ಬಾಯಿ ತೆರೆಯುವ ಮೊದಲೇ ಅವಳು ಸೀಗಡಿ ಬೇಡ, ಮೀನಿನ ಸಾಸ್ ಬೇಡ ಎಂದಿದ್ದಳು. ನನ್ನ ಊಟ ಮರೆತಿರಲಿಲ್ಲ. ಹೊರಗೆ ಮಳೆ ಹನಿಯುತ್ತಿತ್ತು. ಪಕ್ಕದ ಮೇಜಿನಲ್ಲಿ ತಲೆ ನರೆತ ನಾಲ್ವರು ಗಂಡಸರು. ಒಬ್ಬನೂ ತನ್ನ ಬಟ್ಟಲಿಗೆ ತಾನೇ ಸುರಿದುಕೊಳ್ಳುತ್ತಿರಲಿಲ್ಲ. ಪ್ರತಿಯೊಬ್ಬನೂ ಎದುರಿನವನ ಬಟ್ಟಲ ಮೇಲೆ ಕಣ್ಣಿಟ್ಟು, ಬಲಗೈಗೆ ಎಡಗೈ ಆಸರೆ ಕೊಟ್ಟು ಅವನಿಗೆ ಸುರಿಯುತ್ತಿದ್ದ. ತನ್ನದು ತುಂಬುವುದನ್ನು ಇನ್ನೊಬ್ಬನಿಗೆ ಬಿಡುವ ಈ ರೀತಿ ನನಗೆ ತುಂಬ ಹಿಡಿಸಿತು. ಪಂಕ್ತಿಯಲ್ಲಿ ಬಡಿಸುವುದು ನೆನಪಾಯಿತು. ನಮ್ಮಲ್ಲಿ ಎಲೆ ಖಾಲಿಯಾಗುವವರೆಗೆ ಕಾದರೆ ಬಡಿಸುವವಳಿಗೆ ಅವಮಾನ.

ಸುನ್‌ಹಿಯ ಬಟ್ಟಲಲ್ಲಿ ಅರ್ಧ ಉಳಿದಿತ್ತು. ನಾನು ಕೆಟಲ್ ಎತ್ತಿ, ಎರಡೂ ಕೈಯಿಂದಲೇ, ಅದರ ಮೇಲೆ ಸುರಿದೆ.

ಅವಳು ಬಟ್ಟಲಿಗೆ ಅಂಗೈ ಅಡ್ಡ ಹಿಡಿದಳು. ಮಕ್ಕೊಲ್ಲಿ ಅವಳ ಕೈಮೇಲೆ ಬಿದ್ದು ಬೆರಳ ಸಂದಿಯಿಂದ ಮೇಜಿಗೆ ಇಳಿಯಿತು.

"ಹೀಗೆ ಸುರಿಯೋದು ಸತ್ತವರಿಗೆ," ಎಂದಳು. ದನಿ ಏರಿಸಲಿಲ್ಲ. "ಹಿರಿಯರ ಪೂಜೆ ದಿನ. ಬದುಕಿರೋರ ಬಟ್ಟಲು ಖಾಲಿಯಾಗಬೇಕು, ಆಮೇಲೆ ಹಾಕಬೇಕು."

ಕೆಟಲ್ ಕೆಳಗಿಟ್ಟೆ.

"ಅಮ್ಮನಿಗೆ ಹಾಗೇ ಹಾಕಿದೆ, ಕ್ಲೇಟನ್‌ನಲ್ಲಿ, ಒಬ್ಬಳೇ," ಎಂದಳು. "ಆ ದಿನ ನೀನು ಒಂದು ಮಾತೂ ಹೇಳದೆ ಹೋದೆ."

ಆ ದಿನ ಹೀಗಿತ್ತು. ಅವಳ ಅಮ್ಮ ಊರಲ್ಲಿ ತೀರಿಕೊಂಡಿದ್ದರು. ಇವಳ ವೀಸಾ ಇನ್ನೂ ತೀರ್ಮಾನವಾಗಿರಲಿಲ್ಲ. ಅನುಮತಿ ಇಲ್ಲದೆ ದೇಶ ಬಿಟ್ಟರೆ ವಾಪಸ್ ಬರುವಂತಿರಲಿಲ್ಲ. ಅವರಲ್ಲಿ ಮೂರೇ ದಿನದಲ್ಲಿ ಎಲ್ಲ ಮುಗಿಸುತ್ತಾರೆ. ಅನುಮತಿ ಬರುವಷ್ಟರಲ್ಲಿ ಮುಗಿದಿತ್ತು. ಆ ಮೂರು ದಿನ ನಾನು ಗಂಜಿ ಮಾಡಿ ಅವಳ ಕೋಣೆಯ ಬಾಗಿಲಲ್ಲಿಟ್ಟೆ. ನಾಲ್ಕನೇ ದಿನ ನಾನು ಕೆಲಸಕ್ಕೆ ಸೇರಲು ಸಿಡ್ನಿಗೆ ಹೊರಡಬೇಕಿತ್ತು. ಅವಳು ಅಮ್ಮನ ಫೋಟೋ ಎದುರು ಕೂತಿದ್ದಳು. ನಾನು ಸ್ವಲ್ಪ ಹೊತ್ತು ಅವಳ ಹಿಂದೆ ಕೂತು, ಎದ್ದು, ಕೀಲಿಯನ್ನು ಚಪ್ಪಲಿ ಗೂಡಿನ ಮೇಲಿಟ್ಟು ಬಂದುಬಿಟ್ಟೆ. ಹದಿಮೂರು ದಿನ ಕಳೆಯಲಿ ಎಂದು ಅಲ್ಲಿವರೆಗೆ ಮೆಸೇಜನ್ನೂ ಕಳಿಸಲಿಲ್ಲ.

"ಅಕ್ಕಾ," ಎಂದೆ, "ನಮ್ಮಲ್ಲಿ ಹೊರಡುವಾಗ ಬರ್ತೀನಿ ಅಂತ ಹೇಳಿ ಹೊರಡ್ತೀವಿ. ಸಾವಾದ ಮನೇಲಿ ಮಾತ್ರ ಹೇಳಬಾರದು. ಹೇಳಿದ್ರೆ ಇನ್ನೊಮ್ಮೆ ಅಂಥದ್ದಕ್ಕೇ ಬರ್ತೀನಿ ಅಂದ ಹಾಗೆ. ಸುಮ್ಮನೆ ಎದ್ದು ಬರಬೇಕು. ಅವ್ವ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದು."

ಅವಳು ಟಿಶ್ಯೂ ತೆಗೆದು ಬೆರಳು ಒಂದೊಂದಾಗಿ ಒರೆಸಿಕೊಂಡಳು.

"ಮತ್ತೆ ಆವಾಗಲೇ ಯಾಕೆ ಹೇಳಲಿಲ್ಲ?"

"ಎಲ್ಲರಿಗೂ ಗೊತ್ತಿರುತ್ತೆ ಅಂದುಕೊಂಡಿದ್ದೆ."

"ಪೆದ್ದಿ," ಎಂದಳು. "ನಾನೂ ಹಾಗೇ. ಬಟ್ಟಲಿನ ವಿಷಯ ನಿನಗೆ ಗೊತ್ತಿರುತ್ತೆ ಅಂದುಕೊಂಡಿದ್ದೆ." ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ ಕೊನೆಯ ಹನಿವರೆಗೂ ಕುಡಿದು ನನ್ನ ಮುಂದೆ ಇಟ್ಟಳು. "ಈಗ ಹಾಕು."

ಹಾಕಿದೆ. ಇಮೋ ಬಂದು ಮೇಜು ಒರೆಸಿ, ಕೇಳದಿದ್ದರೂ ಇನ್ನೊಂದು ಪಾಜೊನ್ ಇಟ್ಟು ಹೋದಳು.

ಮಳೆ ನಿಂತ ಮೇಲೆ ಸ್ಟೇಷನ್ನಿಗೆ ನಡೆದೆವು. ಅವಳ ಹೋಟೆಲು ಸಿಟಿ ಕಡೆ, ನನ್ನ ಮನೆ ಹ್ಯಾರಿಸ್ ಪಾರ್ಕ್ ಕಡೆ. ಬೇರೆ ಬೇರೆ ಪ್ಲಾಟ್‌ಫಾರ್ಮ್. ಮೆಟ್ಟಿಲ ಹತ್ತಿರ ಅವಳು ನಿಂತಳು.

"ಅವತ್ತು ಹೇಳದೇ ಇದ್ದದ್ದನ್ನ ಈಗ ಹೇಳು."

"ಬರ್ತೀನಿ, ಅಕ್ಕಾ."

"ಇದಕ್ಕೆ ನಾನೇನು ಹೇಳಬೇಕು?"

"ಇರೋರು ಹೋಗಿ ಬಾ ಅಂತಾರೆ."

"ನಾನು ಇರೋದಿಲ್ಲವಲ್ಲ, ನಾನೂ ಹೊರಟಿದ್ದೀನಿ." ಸ್ವಲ್ಪ ಯೋಚಿಸಿ ಹೇಳಿದಳು: "ನಮ್ಮಲ್ಲಿ ಹೋಗೋರು ಇರೋರಿಗೆ ಚೆನ್ನಾಗಿರಿ ಅಂತಾರೆ. ಇರೋರು ಹೋಗೋರಿಗೆ ಚೆನ್ನಾಗಿ ಹೋಗಿ ಅಂತಾರೆ."

"ಇಬ್ಬರೂ ಹೊರಟಿದ್ದರೆ?"

"ಇಬ್ಬರೂ ಚೆನ್ನಾಗಿ ಹೋಗಿ ಅಂತಾರೆ. ಇರೋದಕ್ಕೆ ಯಾರೂ ಇಲ್ಲವಲ್ಲ."

ಅವಳು ತನ್ನ ಭಾಷೆಯಲ್ಲಿ ಹೇಳಿಕೊಟ್ಟಳು, ನಾನು ತಪ್ಪಾಗಿ ಹೇಳಿದೆ, ತಿದ್ದಿದಳು, ಮತ್ತೆ ಹೇಳಿದೆ.

ರೈಲಿನಲ್ಲಿ ಕೂತಾಗ ನಾನು ಬರ್ತೀನಿ ಎಂದು ಹೇಳಿಬಂದ ಬಾಗಿಲುಗಳು ಕಣ್ಣೆದುರು ಬಂದವು. ಗದಗಿನ ಹೊಸ್ತಿಲಲ್ಲಿ ಅವ್ವನಿಗೆ, ರಜೆ ಮುಗಿದಾಗಲೆಲ್ಲ. ಇವತ್ತು ಸುನ್‌ಹಿಗೆ, ಒಂದು ಸ್ಟೇಷನ್ನಿನ ಮೆಟ್ಟಿಲಲ್ಲಿ. ಆದರೆ ಹ್ಯಾರಿಸ್ ಪಾರ್ಕ್‌ನ ಮನೆಗೆ ದಿನಾ ಬೆಳಿಗ್ಗೆ ಬೀಗ ಹಾಕಿ ಹೊರಡುವಾಗ ನಾನು ಯಾರಿಗೂ ಏನೂ ಹೇಳುವುದಿಲ್ಲ. ಸುಮ್ಮನೆ ಎದ್ದು ಬರುತ್ತೇನೆ. ನಾಲ್ಕು ವರ್ಷದಲ್ಲಿ ಅದು ಒಮ್ಮೆಯೂ ಗಮನಕ್ಕೆ ಬಂದಿರಲಿಲ್ಲ.

ಸೋಮವಾರ ಬೀಗ ಹಾಕುವಾಗ ಬಾಗಿಲಿಗೇ ಬರ್ತೀನಿ ಎಂದು ಹೇಳಿದೆ, ಸಣ್ಣ ದನಿಯಲ್ಲಿ. ಮೆಟ್ಟಿಲಿಳಿಯುತ್ತಿದ್ದ ಪಕ್ಕದ ಮನೆಯವರು ತಮಗೇ ಹೇಳಿದೆನೆಂದುಕೊಂಡು ಗುಡ್ ಮಾರ್ನಿಂಗ್ ಎಂದರು.