ನಾನಿಲ್ಲದಾಗ ಬಂದ ನಾನು

ಇಂಥ ಸಂಗತಿಗಳನ್ನು ನಾನು ನಂಬುತ್ತಿರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಂಬುತ್ತಿರಲಿಲ್ಲ ಅಷ್ಟೇ ಅಲ್ಲ, ನಂಬದೆ ಇರುವುದಕ್ಕೆ ಸರ್ಕಾರ ನನಗೆ ಸಂಬಳ ಕೊಡುತ್ತಿತ್ತು.

ಹೈದರಾಬಾದು ಆಂಧ್ರದ ರಾಜಧಾನಿಯಾಗಿದ್ದ ಕಾಲ. ದೇಶದಲ್ಲಿ ಆಗಿಹೋದ ನೆರೆ, ಬರ, ಚಂಡಮಾರುತ, ಭೂಕಂಪಗಳ ಇತಿಹಾಸವನ್ನು ಸಂಪುಟಗಳಾಗಿ ತರುವ ಒಂದು ಸಣ್ಣ ವಿಭಾಗದಲ್ಲಿ ನಾನು ಸಂಪಾದಕನಾಗಿದ್ದೆ. ಜನ ಹೇಗೆ ಉಳಿದರು, ಮತ್ತೆ ಹೇಗೆ ಬದುಕು ಕಟ್ಟಿಕೊಂಡರು ಎಂಬುದೂ ಅದರಲ್ಲಿ ಬರಬೇಕಿತ್ತು. ಹಾಗಾಗಿ ಬದುಕಿ ಉಳಿದವರ ಹೇಳಿಕೆಗಳು ಕಟ್ಟುಕಟ್ಟಾಗಿ ಮೇಜಿಗೆ ಬರುತ್ತಿದ್ದವು. ಅವುಗಳಲ್ಲಿ ಒಂದು ಮಾತು ಬೇಸರ ಬರುವಷ್ಟು ಸಲ ಕಾಣುತ್ತಿತ್ತು. ಕರಾವಳಿಯ ಮೀನುಗಾರನಿರಲಿ, ಮರಾಠವಾಡದ ರೈತನಿರಲಿ, ಮೂಸಿ ನದಿಯ ಮಹಾಪೂರ ಕಂಡ ಅಜ್ಜಿಯ ಮೊಮ್ಮಗನಿರಲಿ, ಎಲ್ಲರದೂ ಅದೇ: ಯಾರೋ ಬಂದು ಕೂಗಿದರು, ನಾವು ಓಡಿದೆವು, ಆಮೇಲೆ ಹುಡುಕಿದರೆ ಆ ಮನುಷ್ಯ ಸಿಗಲಿಲ್ಲ. ನಾನು ಕೆಂಪು ಪೆನ್ನಿನಿಂದ ಆ ಸಾಲುಗಳನ್ನು ಹೊಡೆದುಹಾಕುತ್ತಿದ್ದೆ. ಆಧಾರವಿಲ್ಲದ ಮಾತು ಇತಿಹಾಸಕ್ಕೆ ಸಲ್ಲದು ಎಂದು ಕಿರಿಯರಿಗೆ ಪಾಠವನ್ನೂ ಹೇಳುತ್ತಿದ್ದೆ.

ಪ್ರವಾಹದ ಬಗ್ಗೆ ಇಷ್ಟೆಲ್ಲ ಓದಿದವನು ನಾಲಾ ದಂಡೆಯ ತಗ್ಗಿನ ಕಾಲೊನಿಯಲ್ಲಿ ಯಾಕೆ ಮನೆ ಮಾಡಿದ್ದೆ ಎಂದು ನೀವು ಕೇಳಬಹುದು. ನನ್ನ ಹೆಂಡತಿ ಸರೋಜಾ ಕೂಡ ಕೇಳುತ್ತಿದ್ದಳು. ಆ ನಾಲಾದಲ್ಲಿ ವರ್ಷಪೂರ್ತಿ ಮೊಣಕಾಲುದ್ದ ಕೊಳಕು ನೀರು ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. ಅದು ಉಕ್ಕಬಹುದೆಂದು ನನಗೆ ಹೊಳೆದೇ ಇರಲಿಲ್ಲ.

ಅಲ್ಲಿ ಒಂಬತ್ತು ವರ್ಷ ಇದ್ದೆವು. ನನಗೆ ಅಕ್ಕಪಕ್ಕದವರ ಹೆಸರು ಕೂಡ ಸರಿಯಾಗಿ ಗೊತ್ತಿರಲಿಲ್ಲ. ನಾವು ಕಲಬುರ್ಗಿ ಕಡೆಯ ಮಂದಿ, ಉರ್ದು ನಡೆಯುತ್ತದೆ, ಆದರೆ ತೆಲುಗು ಮಾತ್ರ ನನ್ನ ಬಾಯಿಗೆ ಹತ್ತಲಿಲ್ಲ. ತರಕಾರಿ ಮಾರುವವಳು ನನ್ನ ತೆಲುಗು ಕೇಳಲೆಂದೇ ನಮ್ಮ ಬಾಗಿಲಲ್ಲಿ ಗಾಡಿ ನಿಲ್ಲಿಸುತ್ತಿದ್ದಳು. ಪಕ್ಕದ ಮನೆಯ ಬಸ್ ಕಂಡಕ್ಟರ್ ಯಾದಗಿರಿ ಎದುರಾದರೆ ನಾನು ತಲೆ ತಗ್ಗಿಸಿ ದಾಟಿಬಿಡುತ್ತಿದ್ದೆ. ಅವನೂ ಹಾಗೆಯೇ.

ಆಗಸ್ಟ್ ತಿಂಗಳ ಒಂದು ಬೆಳಗ್ಗೆ ಸಂಪುಟದ ಪ್ರೂಫ್ ನೋಡಲು ಊರ ನಡುವಿನ ಅಬಿಡ್ಸಿನ ಪ್ರೆಸ್ಸಿಗೆ ಹೋದೆ. ಮಧ್ಯಾಹ್ನದ ಹೊತ್ತಿಗೆ ಹಿಡಿದ ಮಳೆ ಬಿಡಲಿಲ್ಲ. ರಸ್ತೆ ತುಂಬಿ ಬಸ್ಸುಗಳು ನಿಂತವು, ಫೋನು ಸತ್ತುಹೋಯಿತು. ನಾನು ಮತ್ತು ಪ್ರೆಸ್ಸಿನ ಮಾಲಕರಾದ ಖಾದರ್ ಸಾಹೇಬರು ಮಹಡಿಯ ಮೇಲೆ ಸಿಕ್ಕಿಬಿದ್ದೆವು. ಸಂಜೆ ನಾಲ್ಕಕ್ಕೆ ನಾವು ಏನು ಮಾಡುತ್ತಿದ್ದೆವೆಂಬುದು ನನಗೆ ಚೆನ್ನಾಗಿ ನೆನಪಿದೆ. ಕೆಳಗೆ ಸ್ಕೂಟರುಗಳು ತೇಲುತ್ತಿದ್ದವು, ಮೇಲೆ ನಾನು ಚಹಾ ಕುಡಿಯುತ್ತಾ ನೆರೆಯ ಅಧ್ಯಾಯದ ಅಲ್ಪವಿರಾಮಗಳನ್ನು ತಿದ್ದುತ್ತಿದ್ದೆ. ಆ ರಾತ್ರಿ ಕಾಗದದ ಬಂಡಲುಗಳ ಮೇಲೆ ಮಲಗಿದೆ. ಸರೋಜಾ ಒಬ್ಬಳೇ ಇದ್ದಾಳೆಂದು ನಿದ್ದೆ ಬರಲಿಲ್ಲ.

ಬೆಳಗಾದ ಮೇಲೆ ಕೋಠಿಯ ಮೂಲಕ ನಡೆದುಕೊಂಡೇ ಹೋದೆ. ಕಾಲೊನಿ ಮುಟ್ಟಿದಾಗ ನೀರು ಇಳಿದಿತ್ತು, ಎಲ್ಲೆಲ್ಲೂ ಕೆಸರು. ನಮ್ಮ ಮನೆಯ ಹಿಂದಿನ ಗೋಡೆ ಬಿದ್ದುಹೋಗಿತ್ತು. ನಮ್ಮ ಫ್ರಿಜ್ಜು ಯಾದಗಿರಿಯ ಅಂಗಳದಲ್ಲಿ ಅಂಗಾತ ಮಲಗಿತ್ತು. ಸರೋಜಾ ಎಲ್ಲಿಯೂ ಇರಲಿಲ್ಲ. ಹೆಸರು ಹಿಡಿದು ಕೂಗಿದೆ. ಆಗ ಓಣಿಯ ಮೇಲ್ತುದಿಯಲ್ಲಿದ್ದ ಶಾಲೆಯ ಮಾಳಿಗೆಯಿಂದ ಜನರ ಸದ್ದು ಕೇಳಿಸಿತು. ಮೆಟ್ಟಿಲು ಹತ್ತಿ ಹೋದೆ. ಇಡೀ ಓಣಿಯೇ ಅಲ್ಲಿತ್ತು. ನನ್ನನ್ನು ನೋಡಿ ಎಲ್ಲರೂ ಎದ್ದು ನಿಂತರು. ಯಾದಗಿರಿ ಓಡಿಬಂದು ತಬ್ಬಿಕೊಂಡು ಅಳತೊಡಗಿದ. ಸರೋಜಾ ಮೂಲೆಯಲ್ಲಿ ಕೂತಿದ್ದಳು. ಅತ್ತು ಅತ್ತು ಅವಳ ಮುಖ ಊದಿತ್ತು.

"ಹೊಳ್ಳಿ ಯಾಕ ಕೆಳಗ ಇಳದ್ರಿ? ಬ್ಯಾಡ ಬ್ಯಾಡ ಅಂದ್ರೂ ಇಳದ್ರಿ. ಹೊಳ್ಳಿ ಬರಲಿಲ್ಲ ಅಂದ್ರ ನಾ ಏನು ತಿಳಕೋಬೇಕ್ರಿ?" ಎಂದಳು.

ನನಗೆ ತಲೆಬುಡ ತಿಳಿಯಲಿಲ್ಲ. ಅವರೆಲ್ಲ ಸೇರಿ ಹೇಳಿದ್ದು ಹೀಗಿತ್ತು. ಹಿಂದಿನ ದಿನ ನಾಲ್ಕರ ಹೊತ್ತಿಗೆ, ನಾಲಾ ಇನ್ನೂ ಉಕ್ಕಿರದಾಗ, ನಾನು ಪ್ಯಾಂಟು ಮಡಚಿ ಬರಿಗಾಲಲ್ಲಿ ಬಂದು ಮನೆಮನೆಯ ಬಾಗಿಲು ಬಡಿದೆನಂತೆ. ಸಾಮಾನು ಬಿಡಿ, ಶಾಲೆಯ ಮಾಳಿಗೆ ಹತ್ತಿ ಎಂದು ಕೂಗಿದೆನಂತೆ, ಅದೂ ಅಚ್ಚ ತೆಲುಗಿನಲ್ಲಿ. ಕಣ್ಣು ಮಸುಕಾದ ಯಾದಗಿರಿಯ ತಾಯಿಯನ್ನು ಬೆನ್ನ ಮೇಲೆ ಹೊತ್ತು ಎರಡು ಅಂತಸ್ತು ಏರಿದೆನಂತೆ. ಆಕೆಯ ತೂಕ ಎಂಬತ್ತು ಕಿಲೋಗೆ ಕಡಿಮೆಯಿಲ್ಲ. ನಾನು ನೀರಿನ ಕೊಡ ಎತ್ತಿದರೂ ಸರೋಜಾ ಬಾಮ್ ಹುಡುಕಬೇಕಾಗುತ್ತದೆ. ಎಲ್ಲರೂ ಮೇಲೆ ಬಂದ ಇಪ್ಪತ್ತು ನಿಮಿಷಕ್ಕೆ ನೀರು ಓಣಿಗೆ ನುಗ್ಗಿತಂತೆ. ಇನ್ನೊಂದು ಕಡೆ ಹೇಳಿ ಬರುತ್ತೇನೆಂದು ನಾನು ಕೆಳಗೆ ಇಳಿದವನು ತಿರುಗಿ ಬರಲಿಲ್ಲವಂತೆ. ರಾತ್ರಿಯೆಲ್ಲ ಅವರು ನನ್ನನ್ನು ಸತ್ತನೆಂದೇ ತಿಳಿದಿದ್ದರು. ನಮ್ಮ ಓಣಿಯಲ್ಲಿ ಒಂದು ಜೀವವೂ ಹೋಗಿರಲಿಲ್ಲ.

ಇಂಥ ಹೇಳಿಕೆಗಳನ್ನು ನೂರಾರು ಓದಿದವನು ನಾನು. ಆದರೆ ಬಂದು ಕೂಗಿದವನ ಹೇಳಿಕೆ ಮಾತ್ರ ಯಾವ ಕಡತದಲ್ಲೂ ಇರಲಿಲ್ಲ. ಈಗ ನಾನೇನು ಹೇಳಬೇಕೆಂದು ತಿಳಿಯದೆ ನಿಜವನ್ನೇ ಹೇಳಿದೆ. ನಾನು ಅಬಿಡ್ಸಿನಲ್ಲಿದ್ದೆ ಎಂದೆ. ಎಲ್ಲರೂ ನಕ್ಕರು. ದೊಡ್ಡ ಮನುಷ್ಯರು ಮಾಡಿದ್ದನ್ನು ಹೇಳಿಕೊಳ್ಳುವುದಿಲ್ಲ ಎಂದು ಯಾದಗಿರಿ ತನ್ನ ಹೆಂಡತಿಗೆ ಹೇಳಿದ. ಸರೋಜಾ ನಗಲಿಲ್ಲ. ಇಷ್ಟಾದ ಮೇಲೂ ಸುಳ್ಳು ಯಾಕೆ ಎಂಬಂತೆ ನೋಡಿದಳು. ಸಾಲದ್ದಕ್ಕೆ ಆ ದಿನವೇ ನನ್ನ ಸೊಂಟ ಹಿಡಿದುಕೊಂಡಿತು. ಕಾಗದದ ಬಂಡಲಿನ ಮೇಲೆ ಮಲಗಿದ್ದರಿಂದ ಎಂದು ನಾನಂದರೆ, ಕೇಳಿದವರೆಲ್ಲ ಯಾದಗಿರಿಯ ತಾಯಿಯ ಕಡೆ ತಿರುಗಿ ನೋಡುತ್ತಿದ್ದರು.

ಮೂರನೆಯ ದಿನ ಖಾದರ್ ಸಾಹೇಬರು ಒಂದು ಚೀಲ ಅಕ್ಕಿ ಹಿಡಿದುಕೊಂಡು ನಮ್ಮನ್ನು ನೋಡಲು ಬಂದರು. ಸರೋಜಾ ಅವರನ್ನು ಪಕ್ಕಕ್ಕೆ ಕರೆದು ವಿಚಾರಿಸಿದಳು. ಆ ದಿನ ನಾಲ್ಕಕ್ಕೆ ನಾನು ಅವರೆದುರಿಗೇ ಇದ್ದೆ, ಎರಡನೆಯ ಸಮೋಸ ಬೇಡವೆಂದೆ, ಎಲ್ಲವನ್ನೂ ಅವರು ಹೇಳಿದರು. ಅವರು ಹೋದ ಮೇಲೆ ನಾವಿಬ್ಬರೂ ಅಡುಗೆಮನೆಯ ಕೆಸರು ಕೆರೆಯುತ್ತಿದ್ದೆವು. ಅವಳು ಕೆರೆಯುವುದನ್ನು ನಿಲ್ಲಿಸಿದಳು.

"ಹಂಗಾದ್ರ ನಾ ಯಾರ ಕೈ ಹಿಡಕೊಂಡು ಮ್ಯಾಲೆ ಹತ್ತಿದೆ?" ಎಂದು ಕೇಳಿದಳು.

ನಾನು ಕೆಸರಿನ ಬಕೆಟ್ಟನ್ನು ಹೊರಗೆ ಚೆಲ್ಲಿ ಬಂದೆ.

"ನಿಮ್ಮ ಕೈನ ಇತ್ತು. ಹೆಬ್ಬೆರಳಿನ ಮಚ್ಚಿ ಸೈತ ಇತ್ತು. ಆದ್ರ ಒಂದು ಮಾತು. ಹಾಲಿನ ಪಾತೇಲಿ ಬಿಡು, ನಡಿ ಅಂತ ನನಗ ಗದರಿಸಿದ್ರಿ. ನೀವು ಯಾವತ್ತರ ನನಗ ಗದರಿಸೀರೇನು? ನನಗ ಅವಾಗ ಸಂಶೇ ಬರಬೇಕಿತ್ತು."

ಮುಂದಿನ ಹದಿನೈದು ದಿನ ನನ್ನ ಪಾಡು ಕೇಳಬೇಡಿ. ಶಾಲೆಯಲ್ಲೇ ಎಲ್ಲರಿಗೂ ಒಂದೇ ಒಲೆ. ಸರೋಜಾ ಜೋಳದ ರೊಟ್ಟಿ ಬಡಿದರೆ ಯಾದಗಿರಿಯ ಹೆಂಡತಿ ಪುಂಡಿಸೊಪ್ಪಿನ ಗೋಂಗೂರ ಪಚ್ಚಡಿ ಅರೆಯುತ್ತಿದ್ದಳು. ಯಾರ ಮನೆಯ ಕೆಸರು ಮೊದಲು ತೆಗೆಯಬೇಕು, ಪರಿಹಾರದ ಅರ್ಜಿ ಹೇಗೆ ಬರೆಯಬೇಕು, ಯಾರ ಕುಕ್ಕರಿಗೆ ಯಾರ ಮುಚ್ಚಳ, ಎಲ್ಲದಕ್ಕೂ ನನ್ನನ್ನೇ ಕೇಳುತ್ತಿದ್ದರು. ಆ ದಿನ ಅಷ್ಟು ಧೈರ್ಯವಾಗಿ ಆಜ್ಞೆ ಮಾಡಿದವನು ಈಗ ತಡವರಿಸುವುದು ಅವರಿಗೆ ವಿಚಿತ್ರವೆನಿಸುತ್ತಿತ್ತು. ಮುಖ್ಯವಾಗಿ ನನ್ನ ತೆಲುಗು. ಹೆದರಿಕೆಯಿಂದ ನಾಲಗೆ ಬಿದ್ದುಹೋಗಿದೆ, ಮೆಲ್ಲಗೆ ಸರಿಹೋಗುತ್ತದೆ ಎಂದು ಯಾದಗಿರಿ ಸಮಾಧಾನ ಹೇಳಿದ. ನನಗೂ ಬೇರೆ ದಾರಿ ಇರಲಿಲ್ಲ. ಗುದ್ದಲಿ ಹಿಡಿದೆ, ಕಚೇರಿಗಳಿಗೆ ಅಲೆದೆ, ಬೈಸಿಕೊಂಡೆ, ಓಣಿಯ ಎಲ್ಲರ ಹೆಸರೂ ಬಾಯಿಪಾಠವಾಯಿತು.

ವಿನಾಯಕ ಚವಿತಿಯ ಪೆಂಡಾಲಿನಲ್ಲಿ ನನಗೆ ಶಾಲು ಹೊದಿಸಿದರು. ಇದೇ ಸಮಯವೆಂದು ಮೈಕಿನಲ್ಲಿ ನಿಜ ಹೇಳಲು ನಿಂತೆ. "ನೇನು ಕಾದು," ಎಂದೆ, ನಾನಲ್ಲ ಎಂದು. ಮುಂದಿನ ತೆಲುಗು ಬಾಯಿಗೆ ಬರಲಿಲ್ಲ. ಅದನ್ನೇ ಇನ್ನೆರಡು ಸಲ ಹೇಳಿದೆ. ಯಾದಗಿರಿ ಮೈಕು ಇಸಿದುಕೊಂಡು, ಕಾಪಾಡಿದ್ದು ತಾನಲ್ಲ, ಗಣಪತಿ ಎಂದು ಸಾರ್ ಹೇಳುತ್ತಿದ್ದಾರೆ ಎಂದು ವಿವರಿಸಿದ. ಚಪ್ಪಾಳೆ ನಿಲ್ಲಲೇ ಇಲ್ಲ.

ಮರುದಿನ ಯಾದಗಿರಿಯ ತಾಯಿ ನನ್ನನ್ನು ಕರೆಸಿ ಪಕ್ಕದಲ್ಲಿ ಕೂರಿಸಿಕೊಂಡಳು. ಬೆನ್ನ ಮೇಲೆ ಕೈಯಾಡಿಸಿದಳು. ಈ ಬೆನ್ನಲ್ಲ, ಅದು ಹಲಗೆಯ ಹಾಗಿತ್ತು ಎಂದಳು. ಆಮೇಲೆ ದನಿ ತಗ್ಗಿಸಿ, ಯಾರಿಗೂ ಹೇಳಬೇಡ, ಎಲ್ಲರೂ ಸಂತೋಷವಾಗಿದ್ದಾರೆ, ನೀನೂ ಈಗೀಗ ಕೆಲಸಕ್ಕೆ ಬರುತ್ತಿದ್ದೀಯ ಎಂದಳು.

ನಾನು ಲೆಕ್ಕ ಹಾಕದ ಕಾರಣವಿಲ್ಲ. ನನ್ನ ಹಾಗೇ ಕಾಣುವವನು ಯಾರಾದರೂ ಇರಬಹುದೆಂದು ಎಷ್ಟೋ ತಿಂಗಳು ಸಿಟಿ ಬಸ್ಸಿನಲ್ಲಿ ಮುಖಗಳನ್ನು ದಿಟ್ಟಿಸಿ ನೋಡುತ್ತಿದ್ದೆ. ಮಳೆ, ಮಬ್ಬು, ಗಾಬರಿ, ಎಲ್ಲವನ್ನೂ ಒಪ್ಪಬಹುದು. ಹೆಬ್ಬೆರಳಿನ ಮಚ್ಚೆಯ ಹತ್ತಿರ ಬಂದಾಗ ನನ್ನ ಬುದ್ಧಿ ನಿಂತುಬಿಡುತ್ತದೆ. ಇಂದಿಗೂ ನನಗೆ ಅರ್ಥವಾಗಿಲ್ಲ. ನಿಮಗೇನಾದರೂ ಅರ್ಥವಾದರೆ ನಾನು ಕೇಳಲು ಸಿದ್ಧ.

ನಾಲ್ಕು ವರ್ಷ ಕಳೆದು ನಾವು ಉಪ್ಪಲ್ ಕಡೆ ಎರಡನೆಯ ಅಂತಸ್ತಿನ ಮನೆಗೆ ಬಂದೆವು. ಅಲ್ಲಿ ಒಂದು ಮಧ್ಯಾಹ್ನ ಧಾರಾಕಾರ ಮಳೆ. ನಾನು ಊಟ ಮುಗಿಸಿ ಕೂತಿದ್ದೆ. ಬಾಗಿಲ ಬೆಲ್ಲು ಹೊಡೆಯಿತು. ಸರೋಜಾ ನಾನು ಒಳಗೇ ಇದ್ದೇನೆಯೇ ಎಂದು ಒಂದು ಸಲ ನೋಡಿದಳು.

"ನೀವ ಹೋಗಿ ತಗೀರಿ," ಎಂದಳು. "ನಿಮ್ಮ ಕಡಿಯವರ ಇರಬೇಕು."

ನಾನು ಏಳಲಿಲ್ಲ. ಬೆಲ್ಲು ಇನ್ನೆರಡು ಸಲ ಹೊಡೆದು ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಬಾಗಿಲು ತೆರೆದರೆ ಯಾರೂ ಇರಲಿಲ್ಲ. ಅವಳು ಹಾಲಿನ ಪಾತೇಲಿಯ ಕಡೆ ನೋಡಲೂ ಇಲ್ಲ. ಇಬ್ಬರೂ ಒಂದೇ ಕೊಡೆ ಹಿಡಿದು ಮೆಟ್ಟಿಲು ಹತ್ತಿ ಮಾಳಿಗೆಗೆ ಹೋಗಿ ಅರ್ಧ ಗಂಟೆ ನಿಂತೆವು. ಏನೂ ಆಗಲಿಲ್ಲ. ಇಳಿಯುವಾಗ ಕೆಳಗಿನ ಮನೆಯಾಕೆ ಎದುರಾಗಿ, ಈ ಮಳೆಯಲ್ಲಿ ಮೇಲೇನು ಮಾಡುತ್ತಿದ್ದಿರಿ ಎಂದು ಕೇಳಿದಳು. ಸಂಡಿಗೆ ಒಣಹಾಕಲು ಹೋಗಿದ್ದೆವು ಎಂದು ಸರೋಜಾ ಹೇಳಿದಳು.